ಕ್ಷೇಮ ಕೇಳಿದರೆ ತಲಾದಾಯ ಹೇಳುವವರಿಗೆ

ರಾಜ್ಯದ ಒಟ್ಟು ಉತ್ಪನ್ನ ಶೇಕಡಾ ಎಷ್ಟು ಬೆಳೆಯಿತು ಎಂದು ಹೇಳುವ ಬಜೆಟ್ ಪುಟದ ಎದುರಿಗೇ ಇನ್ನೊಂದು ಪುಟ ಇರಲಿ ಎಂದು ಬರೆದಿದ್ದೆ. ಅದರಲ್ಲಿ ತಾಲ್ಲೂಕುವಾರು ಮಕ್ಕಳ ಎತ್ತರ, ತಾಯಂದಿರ ರಕ್ತಹೀನತೆ, ಹತ್ತನೇ ತರಗತಿ ದಾಟಿದವರು, ಕುಡಿಯುವ ನೀರು, ದುಡಿಮೆಯ ಹೊರೆ, ಬದುಕಿನ ಬಗ್ಗೆ ಜನರಿಗಿರುವ ಸಮಾಧಾನ ಎಲ್ಲವೂ ಇರಲಿ, ಹಣ ಹಂಚುವ ಮುನ್ನ ಮಂತ್ರಿಗಳು ಒಮ್ಮೆ ಅದರ ಮೇಲೆ ಕಣ್ಣಾಡಿಸಲಿ ಎಂದಿದ್ದೆ. ಇಷ್ಟು ಸಣ್ಣ ಬೇಡಿಕೆಗೆ ಬಂದ ಆಕ್ಷೇಪಗಳು ಒಂದು ಕಟ್ಟು. ಬೈಗುಳಗಳನ್ನು ಬದಿಗಿಟ್ಟಿದ್ದೇನೆ. ಉಳಿದವು ಓದಿಕೊಂಡವರ ಪ್ರಶ್ನೆಗಳು, ಉತ್ತರ ಕೊಡದೆ ಜಾರಿಕೊಳ್ಳುವಂತಿಲ್ಲ. ಅವುಗಳಲ್ಲಿ ಒಂದರ ಎದುರು ನಾನು ಅರ್ಧ ಸೋತಿದ್ದೇನೆ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಇದು: ಜಿಡಿಪಿ ಬೆಳೆಯಲಿ, ಉಳಿದದ್ದು ಅದರ ಬೆನ್ನಿಗೇ ಬರುತ್ತದೆ. ಕೆರೆ ತುಂಬಿದರೆ ಕೆಳಗಿನ ಬಾವಿಗಳಿಗೆ ನೀರು ತಾನಾಗಿ ಒಸರುತ್ತದೆ, ಒಂದೊಂದು ಬಾವಿಯ ಚಿಂತೆ ಯಾಕೆ? ಕೆರೆ ತುಂಬುವುದು ಬೇಡ ಎಂದವನಲ್ಲ ನಾನು. ಅಂಗನವಾಡಿಯ ಮೊಟ್ಟೆಗೂ ಆಶಾ ಕಾರ್ಯಕರ್ತೆಯ ಗೌರವಧನಕ್ಕೂ ತೆರಿಗೆಯ ದುಡ್ಡೇ ಆಗಬೇಕು. ತೆರಿಗೆ ಬರಲು ವ್ಯಾಪಾರ ನಡೆಯಲೇಬೇಕು. ಆದರೆ ಯಾವ ಬಾವಿಗೆ ಎಷ್ಟು ಮಾರು ನೀರು ಬಂತು ಎನ್ನುವುದು ಕೆರೆ ಏರಿಯ ಮೇಲೆ ನಿಂತವನಿಗೆ ಕಾಣುವುದಿಲ್ಲ. ಬಾವಿಗೆ ಹಗ್ಗ ಇಳಿಬಿಡಬೇಕು.

ಹಗ್ಗ ಇಳಿಬಿಟ್ಟವರು ಇದ್ದಾರೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು ಶೇ 36.2. ಮುಂದಿನ ಸಮೀಕ್ಷೆ 2019–21ರಲ್ಲಿ ನಡೆಯಿತು, ಆಗ ಶೇ 35.4. ಇಡೀ ದೇಶದ ಸರಾಸರಿ ಶೇ 35.5. ತಲಾದಾಯದಲ್ಲಿ ನಾವು ದೇಶದ ಸರಾಸರಿಯ ಒಂದೂವರೆ ಪಟ್ಟಿಗಿಂತಲೂ ಮುಂದಿದ್ದೇವೆ. ಮಕ್ಕಳ ಎತ್ತರದಲ್ಲಿ ಮಾತ್ರ ಎಲ್ಲರ ಜೊತೆಗೇ ನಿಂತಿದ್ದೇವೆ. ಕೆರೆ ತುಂಬಿದೆ, ಮೂರರಲ್ಲಿ ಒಂದು ಬಾವಿಗೆ ನೀರು ಬಂದಿಲ್ಲ. ಹಾಗೆಂದು ಕೇರಳವನ್ನು ತೋರಿಸಿ ಮಾತು ಮುಗಿಸುವವರಿಗೂ ಇದೇ ಸಮೀಕ್ಷೆಯಲ್ಲಿ ಒಂದು ಪೆಟ್ಟಿದೆ. ಅಲ್ಲಿ ಈ ಪ್ರಮಾಣ ನಮಗಿಂತ ಬಹಳ ಕಡಿಮೆಯೇನೋ ಹೌದು, ಆದರೆ ಇಳಿಯುವ ಬದಲು ಶೇ 19.7ರಿಂದ 23.4ಕ್ಕೆ ಏರಿತು. ಅಳೆಯದೆ ಹೋಗಿದ್ದರೆ ಕೇರಳದವರು ಹಳೆಯ ಹೆಸರಿನ ಮೇಲೇ ಮಲಗಿರುತ್ತಿದ್ದರು.

ಶ್ರೀಮಂತರ ನಾಡಿನ ಕಥೆಯೂ ಭಿನ್ನವಲ್ಲ. ಅಮೆರಿಕದ ಆರ್ಥಿಕತೆ 2014ರಿಂದ 2017ರವರೆಗೆ ಪ್ರತಿ ವರ್ಷ ಬೆಳೆಯಿತು. ಅದೇ ಅವಧಿಯಲ್ಲಿ ಅಲ್ಲಿನವರ ಸರಾಸರಿ ಆಯಸ್ಸು ಇಳಿಯಿತು. ಕಾರಣಗಳಲ್ಲಿ ದೊಡ್ಡದು ನೋವು ನಿವಾರಕಗಳ ಹೆಸರಿನಲ್ಲಿ ಶುರುವಾದ ಅಮಲಿನ ಚಟ. ಆ ಗುಳಿಗೆಗಳ ಮಾರಾಟ ಜಿಡಿಪಿಗೆ ಸೇರಿತು, ಚಟ ಬಿಡಿಸುವ ಆಸ್ಪತ್ರೆಯ ಬಿಲ್ಲೂ ಸೇರಿತು.

ಎರಡನೆಯ ಆಕ್ಷೇಪ ಲೆಕ್ಕ ಬಲ್ಲವರದು. ಜಿಡಿಪಿ ಗಟ್ಟಿ ಅಂಕಿ, ಕ್ಷೇಮದ ಸೂಚ್ಯಂಕಗಳು ಅಂದಾಜಿನ ಕಂತೆ ಎಂದು ಅವರ ವಾದ. ಇದನ್ನು ಓದಿದಾಗ ನನಗೆ ನಗು ಬಂತು, ಕ್ಷಮೆಯಿರಲಿ. 2014ರ ಏಪ್ರಿಲ್‌ನಲ್ಲಿ ನೈಜೀರಿಯಾ ತನ್ನ ಲೆಕ್ಕದ ಆಧಾರ ವರ್ಷವನ್ನು ಬದಲಿಸಿತು. ಅದರ ಜಿಡಿಪಿ ಒಂದೇ ದಿನದಲ್ಲಿ ಶೇ 89ರಷ್ಟು ಹಿಗ್ಗಿ, ಅದು ದಕ್ಷಿಣ ಆಫ್ರಿಕಾವನ್ನು ಹಿಂದಿಕ್ಕಿತು. ಅಂದು ಬೆಳಿಗ್ಗೆ ಲಾಗೋಸ್‌ನಲ್ಲಿ ಯಾರ ತಟ್ಟೆಗೂ ಒಂದು ತುತ್ತು ಹೆಚ್ಚು ಬೀಳಲಿಲ್ಲ. ನಮ್ಮಲ್ಲೂ 2015ರಲ್ಲಿ ಹೊಸ ಸರಣಿ ಬಂದಾಗ 2013–14ರ ಬೆಳವಣಿಗೆ ಶೇ 4.7 ಇದ್ದದ್ದು ಶೇ 6.9 ಆಯಿತು. ನಾನು ಇದನ್ನು ಮೋಸ ಎನ್ನುತ್ತಿಲ್ಲ. ಆರ್ಥಿಕತೆ ಬದಲಾದಾಗ ಲೆಕ್ಕದ ಕ್ರಮವೂ ಬದಲಾಗಬೇಕು. ಆದರೆ ಜಿಡಿಪಿಯೂ ಅಂದಾಜೇ. ತಕ್ಕಡಿಯಲ್ಲಿ ಏನನ್ನು ಹಾಕಬೇಕು, ಏನನ್ನು ಹೊರಗಿಡಬೇಕು ಎಂದು ಮನುಷ್ಯರು ಕೂತು ತೀರ್ಮಾನಿಸಿದ ಅಂದಾಜು.

ಆ ತೀರ್ಮಾನಗಳನ್ನು ಸ್ವಲ್ಪ ನೋಡಿ. ನೀವು ನಿಮ್ಮ ಸ್ವಂತ ಮನೆಯಲ್ಲಿ ಇದ್ದರೂ, ಅದನ್ನು ಬಾಡಿಗೆಗೆ ಕೊಟ್ಟಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟನ್ನು ಊಹಿಸಿ ಜಿಡಿಪಿಗೆ ಸೇರಿಸುತ್ತಾರೆ. ಹಿತ್ತಲಲ್ಲಿ ಬೆಳೆದ ಬದನೆಕಾಯಿಯೂ, ನೀವು ಮಾರದಿದ್ದರೂ, ಸೇರುತ್ತದೆ. ಆ ಬದನೆಕಾಯಿ ಸೀಳಿ, ಮಸಾಲೆ ಅರೆದು ತುಂಬಿ ಎಣ್ಣೆಗಾಯಿ ಮಾಡಿದ ಹೆಂಗಸಿನ ಕೆಲಸ ಮಾತ್ರ ಸೇರುವುದಿಲ್ಲ. ಅದೇ ಎಣ್ಣೆಗಾಯಿಯನ್ನು ಖಾನಾವಳಿಯಲ್ಲಿ ಮಾಡಿದರೆ ಸೇರುತ್ತದೆ. ಕೇಂದ್ರ ಸರ್ಕಾರವೇ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆ ಹೇಳುವಂತೆ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ದುಡಿಯುತ್ತಾರೆ, ಗಂಡಸರು 88 ನಿಮಿಷ. ದಿನಕ್ಕೆ ಐದು ಗಂಟೆಗೆ ಹನ್ನೊಂದೇ ನಿಮಿಷ ಕಡಿಮೆ. ಇಷ್ಟು ದೊಡ್ಡ ದುಡಿಮೆಯನ್ನು ಹೊರಗಿಟ್ಟ ಲೆಕ್ಕ ಗಟ್ಟಿಯಂತೆ, ಅದನ್ನು ಒಳಗೆ ತರಬೇಕೆನ್ನುವ ಲೆಕ್ಕ ಕಂತೆಯಂತೆ.

ಬಳ್ಳಾರಿಯ ವಿಷಯ ಇನ್ನೂ ವಿಚಿತ್ರ. ಎರಡು ಸಾವಿರದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಗೆ ಸಂಡೂರು, ಹೊಸಪೇಟೆಯ ಗುಡ್ಡಗಳು ಲಾರಿ ಹತ್ತಿ ಬೇಲೆಕೇರಿ ಬಂದರಿಗೆ ಹೋದವು. ಅಗೆದು ಮಾರಿದ ಪ್ರತಿ ಟನ್ ಅದಿರೂ ಉತ್ಪನ್ನ ಎಂದೇ ಬರೆಯಲ್ಪಟ್ಟಿತು; ನೆಲ ಕಳೆದುಕೊಂಡದ್ದನ್ನು ಬರೆಯುವ ಕಾಲಂ ಆ ಪುಸ್ತಕದಲ್ಲಿ ಇರಲಿಲ್ಲ. ಬೆಳೆಯ ಎಲೆಗಳ ಮೇಲೆ ಕೂತ ಕೆಂಪು ದೂಳಿಗೂ ಕಾಲಂ ಇರಲಿಲ್ಲ. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ ಬಂತು, ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಈಗ ಹಾಳಾದ ನೆಲವನ್ನು ಸರಿಪಡಿಸಲು ಸಾವಿರಾರು ಕೋಟಿ ರೂಪಾಯಿಯ ಯೋಜನೆ ಇದೆ. ಆ ಖರ್ಚೂ ಜಿಡಿಪಿಗೆ ಸೇರುತ್ತದೆ. ಗುಡ್ಡ ಕರಗಿಸಿದರೂ ಬೆಳವಣಿಗೆ, ಕರಗಿದ ಗುಡ್ಡಕ್ಕೆ ಮುಲಾಮು ಹಚ್ಚಿದರೂ ಬೆಳವಣಿಗೆ.

ಈ ಕುಂದು ಲೆಕ್ಕಿಗರಿಗೆ ಗೊತ್ತಿಲ್ಲದ್ದೇನಲ್ಲ. ರಾಷ್ಟ್ರೀಯ ಆದಾಯದ ಲೆಕ್ಕವನ್ನು ಕಟ್ಟಿದ ಸೈಮನ್ ಕುಜ್ನೆಟ್ಸ್ ಅವರೇ 1934ರಲ್ಲಿ ಅಮೆರಿಕದ ಸಂಸತ್ತಿಗೆ ಒಪ್ಪಿಸಿದ ವರದಿಯಲ್ಲಿ, ಈ ಅಂಕಿಯಿಂದ ದೇಶದ ಕ್ಷೇಮವನ್ನು ಊಹಿಸಬೇಡಿ ಎಂದು ಎಚ್ಚರಿಸಿದ್ದರು. ತೊಂಬತ್ತು ವರ್ಷ ಕಳೆದ ಮೇಲೆ, 2025ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಅಂಕಿಸಂಖ್ಯಾ ಆಯೋಗ ಒಪ್ಪಿದ ಹೊಸ ಲೆಕ್ಕಪದ್ಧತಿಯಲ್ಲಿ, ಬರಿದಾದ ನೈಸರ್ಗಿಕ ಸಂಪತ್ತನ್ನು ಉತ್ಪಾದನೆಯ ವೆಚ್ಚ ಎಂದು ನಿವ್ವಳ ಉತ್ಪನ್ನದಿಂದ ಕಳೆಯಬೇಕೆಂಬ ನಿಯಮ ಬಂದಿದೆ. ಜಿಡಿಪಿಯ ಪೂಜಾರಿಗಳೇ ಗರ್ಭಗುಡಿಯ ಗೋಡೆ ಒಡೆದು ಕಟ್ಟುತ್ತಿರುವಾಗ, ಭಕ್ತರು ಹೊರಗೆ ನಿಂತು ಇಟ್ಟಿಗೆಗೆ ಕೈ ಮುಗಿಯುತ್ತಿದ್ದಾರೆ.

ಸಂತೋಷ ಮನಸ್ಸಿನದು, ಅದಕ್ಕೆ ಅಳತೆಗೋಲು ಎಲ್ಲಿಂದ ತರುತ್ತೀರಿ ಎನ್ನುವುದು ಮೂರನೆಯ ಪ್ರಶ್ನೆ. ಇದನ್ನು ಕೇಳಿದವರೆಲ್ಲ ವಿಶ್ವ ಸಂತೋಷ ವರದಿಯನ್ನೇ ಉದಾಹರಿಸಿದ್ದಾರೆ. 2025ರ ಪಟ್ಟಿಯಲ್ಲಿ ಭಾರತ 118ನೆಯದು, ಪಾಕಿಸ್ತಾನಕ್ಕಿಂತ ಕೆಳಗೆ. ಇದನ್ನು ನಂಬಬೇಕೆ ಎಂದು ಕೋಪ. ಕೋಪದಲ್ಲಿ ಅರ್ಧ ನ್ಯಾಯವಿದೆ. ಆ ಪಟ್ಟಿ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲುಗಳಿರುವ ಏಣಿಯಲ್ಲಿ ನಿಮ್ಮ ಬದುಕು ಎಷ್ಟನೇ ಮೆಟ್ಟಿಲಲ್ಲಿದೆ? ದೇಶವೊಂದಕ್ಕೆ ಕೆಲವೇ ಸಾವಿರ ಮಂದಿಯನ್ನು ಕೇಳುತ್ತಾರೆ. ಒಂದೊಂದು ನಾಡಿನವರು ಏಣಿಯನ್ನು ಒಂದೊಂದು ಬಗೆಯಲ್ಲಿ ನೋಡುತ್ತಾರೆ. ಚೆನ್ನಾಗಿದ್ದೇನೆ ಎಂದು ಗಟ್ಟಿಯಾಗಿ ಹೇಳಿದರೆ ದೃಷ್ಟಿಯಾದೀತೆಂದು ಅಂಜುವ ಅಜ್ಜಿಯರು ಇರುವ ನಾಡಿದು. ರ‍್ಯಾಂಕ್ ನೋಡಿ ಬಜೆಟ್ ಬರೆಯಿರಿ ಎಂದು ನಾನು ಹೇಳಿಯೇ ಇಲ್ಲ.

ನಾನು ಹೇಳಿದ್ದು ಕ್ಷೇಮ, ಸಂತೋಷವಲ್ಲ. ಈ ಎರಡರ ವ್ಯತ್ಯಾಸ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಕಾಗದಗಳು ‘ಉಭಯ ಕುಶಲೋಪರಿ’ ಎಂದು ಶುರುವಾಗುತ್ತಿದ್ದವು. ಅದಾದ ಮೇಲೆ ಬರೆಯುತ್ತಿದ್ದದ್ದೇನು? ಮುಂಗಾರು ಹಿಡಿಯಿತು, ರಾಗಿ ಬಿತ್ತಿ ಆಯಿತು, ಕೆಂದ ಹಸು ಈದಿದೆ, ದೊಡ್ಡಮ್ಮನ ಮಂಡಿನೋವು ಹಾಗೇ ಇದೆ, ಚಿಕ್ಕವನು ಎಂಟನೇ ಕ್ಲಾಸು ಪಾಸಾದ, ಬಾವಿ ನೀರು ಬೇಸಿಗೆಗೆ ಸಾಲದು, ದಾಯಾದಿಗಳ ಜೊತೆಗಿನ ವ್ಯಾಜ್ಯ ಮುಗಿದಿಲ್ಲ. ಒಂದು ಇನ್‌ಲ್ಯಾಂಡ್ ಲೆಟರಿನಲ್ಲಿ ಏಳು ಸೂಚಕ. ಓದಿದವರಿಗೆ ಆ ಮನೆಗೆ ಈಗ ಏನು ಬೇಕು ಎಂದು ತಿಳಿಯುತ್ತಿತ್ತು: ದುಡ್ಡು ಕಳಿಸಬೇಕೋ, ಔಷಧಿ ಕಳಿಸಬೇಕೋ, ತಾವೇ ಹೊರಟು ಬರಬೇಕೋ. ಒಟ್ಟು ಆದಾಯ ಇಷ್ಟು ಎಂದು ಒಂದೇ ಸಾಲು ಬರೆದು ಯಾರೂ ಸಹಿ ಹಾಕುತ್ತಿರಲಿಲ್ಲ.

ಭೂತಾನ್ ಮಾಡಿದ್ದು ಹೆಚ್ಚೂಕಡಿಮೆ ಇಂಥ ಕಾಗದವನ್ನೇ. ಅವರ ‘ಒಟ್ಟು ರಾಷ್ಟ್ರೀಯ ಸಂತೋಷ’ ಎಂಬ ಹೆಸರು ಕೇಳಿ ಜನ ಧ್ಯಾನ, ಮುಗುಳ್ನಗೆ ಎಂದುಕೊಳ್ಳುತ್ತಾರೆ. ಒಳಗಿರುವುದು ಒಂಬತ್ತು ಕ್ಷೇತ್ರ, 33 ಸೂಚಕ. ಓದು, ಆರೋಗ್ಯ, ಆದಾಯ, ಮನೆ, ಕಾಡುಪ್ರಾಣಿಯಿಂದ ಬೆಳೆಹಾನಿ, ನೆರೆಹೊರೆಯ ನಂಟು, ದಿನಕ್ಕೆ ಎಷ್ಟು ಹೊತ್ತು ದುಡಿಮೆ, ಎಷ್ಟು ಹೊತ್ತು ನಿದ್ದೆ. ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ್ದು ಒಂಬತ್ತರಲ್ಲಿ ಒಂದೇ ಕ್ಷೇತ್ರ. 2022ರಲ್ಲಿ ಊರೂರು ಸುತ್ತಿ 11,000ಕ್ಕೂ ಹೆಚ್ಚು ಮಂದಿಯನ್ನು ಮಾತಾಡಿಸಿದರು. 2010ರಲ್ಲಿ 0.743 ಇದ್ದ ಸೂಚ್ಯಂಕ 0.781 ಆಯಿತು. ನನಗೆ ಆ ಸಂಖ್ಯೆಗಿಂತ ಅದರ ಒಳಗಿನ ವಿವರ ಮುಖ್ಯ: ಗಂಡಸರಿಗಿಂತ ಹೆಂಗಸರ ಅಂಕ ಕಡಿಮೆ, ಪಟ್ಟಣಕ್ಕಿಂತ ಹಳ್ಳಿಯ ಅಂಕ ಕಡಿಮೆ ಎಂದು ಸರ್ಕಾರದ ಸಮೀಕ್ಷೆಯೇ ಹೇಳುತ್ತದೆ.

ಹಾಗಾದರೆ ಸೂಚಕಗಳಿಗೆ ತೂಕ ಕೊಡುವವರು ಯಾರು, ನಿದ್ದೆಗೆ ಎಷ್ಟು, ನೀರಿಗೆ ಎಷ್ಟು ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಸರಿಯಾದ ಪ್ರಶ್ನೆ. ಮಾನವ ಅಭಿವೃದ್ಧಿ ಸೂಚ್ಯಂಕವನ್ನು 1990ರಲ್ಲಿ ತಂದ ಮೆಹಬೂಬ್ ಉಲ್ ಹಕ್ ಅವರ ಜೊತೆ ಅಮರ್ತ್ಯ ಸೇನ್ ಮೊದಮೊದಲು ಇದೇ ಜಗಳ ಆಡಿದ್ದರು: ಇಷ್ಟೊಂದು ಸಂಗತಿಗಳನ್ನು ಒಂದು ಸಂಖ್ಯೆಗೆ ಹಿಂಡುವುದು ಒರಟುತನ ಎಂದು. ಹಕ್ ಒಪ್ಪಿಕೊಂಡರು, ಒರಟೇ, ಆದರೆ ಜಿಡಿಪಿಯಷ್ಟೇ ಒರಟಾದ ಇನ್ನೊಂದು ಸಂಖ್ಯೆ ಇಲ್ಲದಿದ್ದರೆ ಅದನ್ನು ಯಾರೂ ಕದಲಿಸಲಾರರು ಎಂದರು. ನನ್ನ ಉತ್ತರಕ್ಕೆ ಇನ್ನೊಂದು ಮಾತು ಸೇರಿಸಬಹುದು. ಜಿಡಿಪಿಯಲ್ಲೂ ತೂಕಗಳಿವೆ, ಅವುಗಳ ಹೆಸರು ಬೆಲೆ. ಐಷಾರಾಮಿ ಕಾರಿಗೆ ಎಷ್ಟು ತೂಕ, ಅಂಗನವಾಡಿಯ ಒಂದು ದಿನಕ್ಕೆ ಎಷ್ಟು ಎಂದು ಸಂತೆ ನಿಗದಿ ಮಾಡಿದೆ; ಸಂತೆಯಲ್ಲಿ ಹೆಚ್ಚು ದುಡ್ಡಿದ್ದವನಿಗೆ ಹೆಚ್ಚು ಮತ. ಕ್ಷೇಮದ ಸೂಚ್ಯಂಕದ ತೂಕಗಳನ್ನು ಕನಿಷ್ಠ ವಿಧಾನಸಭೆಯಲ್ಲಿ ಜಗಳವಾಡಿ ಬದಲಿಸಬಹುದು.

ಇದೆಲ್ಲ ಹೊಟ್ಟೆ ತುಂಬಿದ ದೇಶಗಳ ಹವ್ಯಾಸ ಎಂದವರಿಗೆ ಹೆಚ್ಚು ಹೇಳಬೇಕಿಲ್ಲ. ಹಕ್ ಪಾಕಿಸ್ತಾನದ ಯೋಜನಾ ಆಯೋಗದಲ್ಲಿ ಕೂತು ವೇಗದ ಬೆಳವಣಿಗೆಯ ಯೋಜನೆಗಳನ್ನು ಬರೆದವರು. ದೇಶದ ಕೈಗಾರಿಕೆಯ ಬಹುಪಾಲು 22 ಕುಟುಂಬಗಳ ಕೈಸೇರಿದೆ ಎಂದು 1968ರಲ್ಲಿ ಕರಾಚಿಯಲ್ಲಿ ಹೇಳಿ ಗದ್ದಲ ಎಬ್ಬಿಸಿದವರು. ಈ ಯೋಚನೆ ಹುಟ್ಟಿದ್ದೇ ನಮ್ಮ ಪಕ್ಕದ ಮನೆಯಲ್ಲಿ. ನಮ್ಮ ನೀತಿ ಆಯೋಗವೂ 12 ಸೂಚಕಗಳಲ್ಲಿ ಬಹು ಆಯಾಮದ ಬಡತನವನ್ನು ಅಳೆಯುತ್ತದೆ. ಅದು 2015–16ರ ಶೇ 24.85ರಿಂದ 2019–21ಕ್ಕೆ ಶೇ 14.96ಕ್ಕೆ ಇಳಿದಾಗ ಅದನ್ನೇ ಸಾಧನೆ ಎಂದು ಸಾರಿದ್ದೂ ಆಯಿತು. ಇಳಿದಾಗ ಬೇಕಾಗುವ ಅಳತೆ, ಏರಿದಾಗ ಐಷಾರಾಮವೆ?

ಮುಂದಿನ ಆಕ್ಷೇಪ ನನ್ನನ್ನು ನಿಜಕ್ಕೂ ಕುಟುಕಿತು. ಕ್ಷೇಮ, ಸಂತೋಷ ಎಂಬ ಮಾತು ಸರ್ಕಾರಗಳಿಗೆ ಮುಖವಾಡ ಎಂದು ಬರೆದಿದ್ದಾರೆ. ಸುಳ್ಳಲ್ಲ. ಸಂತೋಷದ ನಾಡು ಎಂದು ಜಗತ್ತು ಹೊಗಳುವ ಭೂತಾನ್‌ನಿಂದಲೇ 1990ರ ಆಸುಪಾಸಿನಲ್ಲಿ ನೇಪಾಳಿ ಮಾತಾಡುವ ಸುಮಾರು ಒಂದು ಲಕ್ಷ ಜನ ನಿರಾಶ್ರಿತರಾಗಿ ನೇಪಾಳದ ಶಿಬಿರಗಳಿಗೆ ಹೋದರು. ಹೊರದಬ್ಬಿದವರನ್ನು ಸಮೀಕ್ಷೆಯಲ್ಲಿ ಕೇಳುವವರಿಲ್ಲ. ಈಗ ಅಲ್ಲಿನ ಓದಿದ ತರುಣರು ಸಾಲುಗಟ್ಟಿ ಆಸ್ಟ್ರೇಲಿಯಾ ವಿಮಾನ ಹತ್ತುತ್ತಿದ್ದಾರೆ. ಮಧ್ಯಪ್ರದೇಶ 2016ರಲ್ಲಿ ಆನಂದ ವಿಭಾಗ ತೆರೆದು ‘ಆನಂದಕ’ ಎಂಬ ಸ್ವಯಂಸೇವಕರನ್ನು ನೇಮಿಸಿತು. ಅದೇ ವರ್ಷ ಸಂಯುಕ್ತ ಅರಬ್ ಎಮಿರೇಟ್ಸ್ ಸಂತೋಷಕ್ಕೊಬ್ಬ ಮಂತ್ರಿಯನ್ನು ಇಟ್ಟಿತು. ನಗುವುದನ್ನು ಇಲಾಖೆಗೆ ವಹಿಸಿದರೆ ಇಂಥದ್ದೇ ಆಗುವುದು.

ಆದರೆ ಮುಖವಾಡ ಕಳಚುವುದೂ ಅಳತೆಯಿಂದಲೇ. ಸರ್ಕಾರಗಳು ಕ್ಷೇಮದ ಮಾತಿಗೆ ಹೆದರುವುದಿಲ್ಲ, ಕ್ಷೇಮದ ಅಂಕಿಗೆ ಹೆದರುತ್ತವೆ. 2017–18ರ ಗೃಹಬಳಕೆ ವೆಚ್ಚ ಸಮೀಕ್ಷೆಯನ್ನು ಗುಣಮಟ್ಟದ ಕಾರಣ ಹೇಳಿ ಕೇಂದ್ರ ಸರ್ಕಾರ ಬಿಡುಗಡೆ ಮಾಡಲೇ ಇಲ್ಲ. 2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ಹೋಯಿತು. ಆದ್ದರಿಂದ ನನ್ನ ಬೇಡಿಕೆಗೆ ಒಂದು ತಿದ್ದುಪಡಿ, ಟೀಕಾಕಾರರ ಋಣ ಎಂದು ಒಪ್ಪಿಕೊಂಡೇ ಸೇರಿಸುತ್ತೇನೆ: ಅಳೆಯುವವರು ಮಂತ್ರಿಯ ಕೈಕೆಳಗೆ ಇರಬಾರದು, ಅಂಕಿ ಪ್ರಕಟಿಸುವ ದಿನಾಂಕವನ್ನು ಮೊದಲೇ ಕಾನೂನಿನಲ್ಲಿ ಗೊತ್ತುಮಾಡಬೇಕು.

ಈಗ ನಾನು ಅರ್ಧ ಸೋತ ಪ್ರಶ್ನೆ. ಅಳೆದವರೆಲ್ಲ ಅಳೆದರು, ಅದರಿಂದ ಆದದ್ದೇನು?

ನ್ಯೂಜಿಲೆಂಡ್ 2019ರಲ್ಲಿ ಯೋಗಕ್ಷೇಮ ಬಜೆಟ್ ಮಂಡಿಸಿ ಮಾನಸಿಕ ಆರೋಗ್ಯಕ್ಕೆ 190 ಕೋಟಿ ನ್ಯೂಜಿಲೆಂಡ್ ಡಾಲರ್ ತೆಗೆದಿಟ್ಟಿತು. 2023ರಲ್ಲಿ ಸರ್ಕಾರ ಬದಲಾಯಿತು, ಮುಂದಿನ ಬಜೆಟ್ಟಿನ ಹೆಸರಿನಿಂದ ಯೋಗಕ್ಷೇಮ ಉದುರಿತು. ವೇಲ್ಸ್ 2015ರಲ್ಲಿ ಮುಂದಿನ ಪೀಳಿಗೆಗಳ ಕ್ಷೇಮಕ್ಕೆಂದೇ ಕಾಯ್ದೆ ಮಾಡಿ ಒಬ್ಬ ಆಯುಕ್ತರನ್ನು ನೇಮಿಸಿತು. 2019ರಲ್ಲಿ ಜೌಗು ಪ್ರದೇಶದ ಮೇಲೆ ಹಾಯಬೇಕಿದ್ದ ಹೆದ್ದಾರಿಯನ್ನು ಅಲ್ಲಿನ ಮುಖ್ಯಮಂತ್ರಿ ಕೈಬಿಟ್ಟಾಗ ಆಯುಕ್ತರ ವಿರೋಧವೂ ಇತ್ತು, ಹಣದ ಕೊರತೆಯೂ ಇತ್ತು. ಕಾಯ್ದೆ ಒಂದೇ ರಸ್ತೆ ನಿಲ್ಲಿಸಿತು ಎಂದರೆ ಉತ್ಪ್ರೇಕ್ಷೆ. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕಲು ಅಷ್ಟು ದೂರ ಹೋಗಬೇಕಿಲ್ಲ. ಅಳೆದು ಕೈಕಟ್ಟಿ ಕೂತ ಕಥೆ ನಮ್ಮ ಮನೆಯಲ್ಲೇ ಇದೆ.

ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರ ಜೂನ್‌ನಲ್ಲಿ ವರದಿ ಕೊಟ್ಟಿತು. ಆಗಿದ್ದ 175 ತಾಲ್ಲೂಕುಗಳನ್ನು 35 ಸೂಚಕಗಳಲ್ಲಿ ತೂಗಿ, 114 ಹಿಂದುಳಿದಿವೆ ಎಂದು ಹೇಳಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಗುಲ್ಬರ್ಗ ವಿಭಾಗದವೇ. ಅಲ್ಲಿಯವರೆಗೆ ಉತ್ತರ ಕರ್ನಾಟಕ ಎಂಬುದು ಭಾಷಣದ ಕೂಗಾಗಿತ್ತು. ನಂಜುಂಡಪ್ಪ ಅದನ್ನು ತಾಲ್ಲೂಕಿನ ಹೆಸರು, ದಶಮಾಂಶದ ಸಂಖ್ಯೆಯಾಗಿ ಮಾಡಿದರು. ಬೆಂಗಳೂರಿನ ಮಗ್ಗುಲಲ್ಲೇ ಇರುವ ಕನಕಪುರ, ಮಾಗಡಿಗಳೂ ಅತ್ಯಂತ ಹಿಂದುಳಿದವು ಎಂದು ತೋರಿಸಿಕೊಟ್ಟದ್ದೂ ಅದೇ ಸೂಚ್ಯಂಕ. ರಾಜಧಾನಿಯ ತಲಾದಾಯದ ನೆರಳು ಅಲ್ಲಿಗೂ ತಲುಪಿರಲಿಲ್ಲ. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿ ಬೇಕೆಂದು ಶಿಫಾರಸಾಯಿತು, 2007–08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಬಂತು. ಗುಲ್ಬರ್ಗ ವಿಭಾಗಕ್ಕೆ ಸಂವಿಧಾನದಲ್ಲಿ ವಿಶೇಷ ಸ್ಥಾನಮಾನ ಕೇಳಿದ 371ಜೆ ವಿಧಿಯ ಹೋರಾಟಕ್ಕೆ ಕೈಗೆ ಸಿಕ್ಕ ಆಯುಧಗಳಲ್ಲಿ ಈ ವರದಿಯೂ ಒಂದು. ಅಳತೆಯಿಂದ ನೀತಿ ಹುಟ್ಟುವುದಿಲ್ಲ ಎನ್ನುವವರು ಇಲ್ಲಿಯವರೆಗಿನ ಕಥೆಯನ್ನು ಮೊದಲು ಒಪ್ಪಿಕೊಳ್ಳಬೇಕು.

ಆಮೇಲಿನದು ಅವರ ಪಾಲಿನ ಕಥೆ. 2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ 91.12, ಕಲಬುರಗಿ ಶೇ 42.43. ಎರಡು ದಶಕ, ಸಾವಿರಾರು ಕೋಟಿ, ಸಂವಿಧಾನದ ತಿದ್ದುಪಡಿ, ಇಷ್ಟೆಲ್ಲ ಆದ ಮೇಲೆ. ಎಲ್ಲಿ ತಪ್ಪಿತು? ನನ್ನ ಅಭಿಪ್ರಾಯದಲ್ಲಿ ಎರಡು ಕಡೆ. ಒಂದು, 2002ರ ನಂತರ ಸದನದಲ್ಲಿ ಮತ್ತೆ ಮತ್ತೆ ಕೇಳಿದ್ದು ಎಷ್ಟು ಕೋಟಿ ಬಿಡುಗಡೆ, ಎಷ್ಟು ಖರ್ಚು ಎಂದು. ಸೂಚ್ಯಂಕದ ತಳದಲ್ಲಿದ್ದ ದೇವದುರ್ಗದ 0.53 ಈಗ ಎಷ್ಟಾಯಿತು ಎಂದಲ್ಲ. ಕ್ಷೇಮವನ್ನು ಅಳೆದು ಹಣ ಕೊಟ್ಟರು, ಆಮೇಲೆ ಅಳೆದದ್ದು ಹಣವನ್ನು. ಒಬ್ಬ ಡಾಕ್ಟರು ಒಮ್ಮೆ ಜ್ವರ ನೋಡಿ, ಅಲ್ಲಿಂದಾಚೆ ಮಾತ್ರೆಯ ಬಿಲ್ಲನ್ನಷ್ಟೇ ಓದುತ್ತ ಕೂತ ಹಾಗೆ. 2014ರಲ್ಲಿ ಜಿಲ್ಲಾ ಮಾನವ ಅಭಿವೃದ್ಧಿ ವರದಿಗಳು ಬಂದವು ನಿಜ, ಆದರೆ ಅವುಗಳ ಅಳತೆಗೋಲು ಬೇರೆ. ಹಳೆಯದರ ಪಕ್ಕದಲ್ಲಿಟ್ಟು ನೋಡಲು ಬಾರದು.

ಇನ್ನೊಂದು ತಪ್ಪು ಸೂಚ್ಯಂಕದ ಹೊಟ್ಟೆಯೊಳಗೇ ಇತ್ತು. ನಂಜುಂಡಪ್ಪ ಸಮಿತಿ ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು, ಅದಕ್ಕಿಂತ ಕೆಳಗಿನವನ್ನು ಹಿಂದುಳಿದವು ಎಂದಿತು. ಸರಾಸರಿ ಎಂದ ಮೇಲೆ ಕೆಲವರು ಅದರ ಕೆಳಗೆ ಇದ್ದೇ ಇರುತ್ತಾರೆ. ನಾಳೆ ಎಲ್ಲ ತಾಲ್ಲೂಕುಗಳೂ ಎರಡು ಪಟ್ಟು ಸುಧಾರಿಸಿದರೂ ಪಟ್ಟಿ ಹಾಗೇ ಉಳಿಯುತ್ತದೆ. ಎಲ್ಲವೂ ಒಟ್ಟಿಗೆ ಕುಸಿದರೂ ಹಾಗೇ. ಭೂತಾನ್ ಇಲ್ಲಿ ಜಾಣತನ ಮಾಡಿತು. ಪ್ರತಿ ಸೂಚಕಕ್ಕೂ ‘ಇಷ್ಟಿದ್ದರೆ ಸಾಕು’ ಎಂಬ ಗೆರೆ ಎಳೆದು, ಯಾರು ಗೆರೆ ಮುಟ್ಟಿದ್ದಾರೆ ಎಂದು ಎಣಿಸಿತು. ಪಕ್ಕದ ಊರಿನ ಜೊತೆ ಪೈಪೋಟಿ ಇಲ್ಲ, ಗೆರೆಯ ಜೊತೆಗಷ್ಟೇ. ಇಂಥ ಗೆರೆಯಿದ್ದಿದ್ದರೆ ದೇವದುರ್ಗದವರು ಬೆಂಗಳೂರಿನ ಕಡೆ ನೋಡಿ ಹೊಟ್ಟೆ ಉರಿಸಿಕೊಳ್ಳುವ ಬದಲು, ನಮ್ಮೂರಿನಲ್ಲಿ ಹತ್ತನೇ ತರಗತಿ ದಾಟದ ಮಕ್ಕಳು ಇನ್ನೆಷ್ಟು ಎಂದು ತಮ್ಮ ಶಾಸಕರನ್ನೇ ಕೇಳಬಹುದಿತ್ತು.

ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಹಳೆಯ 175 ತಾಲ್ಲೂಕುಗಳು ಒಡೆದು ಈಗ ಇನ್ನೂರ ಮೂವತ್ತು ದಾಟಿವೆ. ಕನಕಪುರದಿಂದ ಹಾರೋಹಳ್ಳಿ ಬೇರೆಯಾಗಿ ತಾಲ್ಲೂಕಾಗಿದೆ. ಅಲ್ಲೊಂದು ಕೈಗಾರಿಕಾ ಪ್ರದೇಶವಿದೆ, ಅದೇ ತಾಲ್ಲೂಕಿನಲ್ಲಿ ಫ್ಯಾಕ್ಟರಿಯ ಗೇಟು ದಾಟದ ಹಳ್ಳಿಗಳೂ ಇವೆ. 2002ರ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ನನಗೆ ಆಕ್ಷೇಪ ಬರೆದ ಮಹನೀಯರಲ್ಲಿ ಒಬ್ಬರು ಹಾರೋಹಳ್ಳಿಯ ಕಡೆಯವರೇ. ತಮ್ಮ ತಾಲ್ಲೂಕಿನ ಮಕ್ಕಳ ಎತ್ತರ ಈಗ ಎಷ್ಟು ಎಂದು ಅವರು ಸರ್ಕಾರಕ್ಕೆ ಒಂದು ಕಾಗದ ಬರೆಯಲಿ. ಉಭಯ ಕುಶಲೋಪರಿ ಎಂದೇ ಶುರು ಮಾಡಬಹುದು.